ಎಡಗಡೆಯ ರಾಶಿ

ಟಣ್ ಅಂದಿತು, ಖಂಡಿತ ಟಣ್ ಅಂದಿತು, ಕಣ್ಣಿಗೆ ಟವೆಲ್ ಕಟ್ಟಿದ್ದರೇನು, ಕಿವಿಗೆ ಕಟ್ಟಿರಲಿಲ್ಲವಲ್ಲ, ಹತ್ತು ತೆಂಗಿನಕಾಯಿ ಬಡಿದೆ, ಒಂಬತ್ತು ಒಳ್ಳೆಯವು ಅಂದೆ, ಮಗಳು ಮಾನ್ಯ ಟವೆಲ್ ಬಿಚ್ಚಿ, ಅಪ್ಪಾ, ಇವೆಲ್ಲ ಬೆಳಿಗ್ಗೆ ನೀನೇ ಎಡಕ್ಕೆ ಎಸ್ದಿದ್ದು ಕಣಪ್ಪ, ನೀಲಗಂಗಮ್ಮನ್ವು, ಅಂದಳು — ಎಷ್ಟು ಸೊಕ್ಕು ಇವಳಿಗೆ, ಹಾಸನದ ಕಾಲೇಜಲ್ಲಿ ಮನಶ್ಶಾಸ್ತ್ರ ಓದುತ್ತಾಳಂತೆ, ಚನ್ನರಾಯಪಟ್ಟಣದ ಮಂಡಿಯಲ್ಲಿ ಮೂವತ್ತು ವರ್ಷ ಕಾಯಿ ಬಡಿದವನಿಗೆ, ಹಮಾಲಿಗಳ ಎದುರು, ಪರೀಕ್ಷೆ! ಟಣ್ ಅಂದರೆ ಒಳ್ಳೆಯದು, ಬಲಕ್ಕೆ, ಡಬ್ ಅಂದರೆ ಕೊಳೆತದ್ದು, ಎಡಕ್ಕೆ, ನಾನು ಎಸೆದದ್ದೇ ತೀರ್ಪು, ಯಾರೂ ತುಟಿ ಪಿಟಕ್ಕೆಂದಿಲ್ಲ, ಕಾಯಿ ಮಾರಲು ತಂದ ನೀಲಗಂಗಮ್ಮನೂ ಅನ್ನಲಿಲ್ಲ, ಅಗೋ, ಕುಕ್ಕರಗಾಲಲ್ಲಿ ಕೂತು ಎಡಗಡೆಯ ರಾಶಿಯನ್ನು ಮತ್ತೆ ಚೀಲಕ್ಕೆ ತುಂಬುತ್ತಿದ್ದಾಳೆ, ಒಂದನ್ನು ಕಿವಿಗೆ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ — ಹೋದ ವರ್ಷ ನಾನು ಬಲಕ್ಕೆ ಎಸೆದ ಅವಳ ಎರಡು ಕಾಯಿ ಮಂಡಿ ಸಾಹುಕಾರರ ಎದುರೇ ಒಡೆದು ನಾರಿದವು, ಏನ್ಲಾ ನಾಗೇಶ, ಕಿವೀಗೆ ಅತ್ತಿ ಇಟ್ಕಂಡಿದ್ದೀಯಾ, ಅಂದರು, ಇನ್ನೂ ಚುಚ್ಚುತ್ತದೆ ಆ ಮಾತು, ಅವತ್ತಿನಿಂದ ಅವಳ ಚೀಲ ಬಿಚ್ಚುವ ಮೊದಲೇ ಕಿವಿಯಲ್ಲಿ ಡಬ್ ಡಬ್, ದೊಡ್ಡ ತೋಟದ ರಂಗಸ್ವಾಮಿ ಗೌಡರ ಚೀಲವಾದರೆ ಬಡಿಯುವ ಮುಂಚೆಯೇ ಟಣ್, ಥೂ, ಇಷ್ಟು ದಿನ ನಾನು ಬಡಿದದ್ದು ಕಾಯನ್ನೋ ಮುಖವನ್ನೋ.

ಕಿವಿ ಕೆಟ್ಟಿಲ್ಲ ಕಣಪ್ಪ, ಚೆನ್ನಾಗಿ ಪಳಗೈತೆ, ಆದ್ರೆ ಯಾರ್ದು ಅಂತ ನೋಡಿ ಬಡೀಬೇಡ, ಬಡ್ದು ಆಮೇಲೆ ನೋಡು, ಸಿಟ್ಟಲ್ಲಿದ್ರೆ ಇನ್ನೊಂದ್ಸಲ ಬಡಿ, ಅಷ್ಟೇ, ಅಂದಳು ಮಾನ್ಯ — ಅಷ್ಟೇ ಅಂತೆ! ವರ್ಷವಿಡೀ ಆ ಹೆಂಗಸು ಅರ್ಧ ಕಾಯಿ ವಾಪಸ್ ಹೊತ್ತಳು, ಅಷ್ಟೇ ಅಂತೆ, ಮೈಯೆಲ್ಲ ಉರಿಯುತ್ತಿದೆ, ಮಗಳ ಮೇಲಲ್ಲ, ಸಾಹುಕಾರರ ಮೇಲೂ ಅಲ್ಲ, ನನ್ನ ಮೇಲೇ, ಬಲಗಡೆಯ ಕಾಯಿ ತುಂಬಿದ ಲಾರಿ ಸ್ಟಾರ್ಟ್ ಆಯಿತು, ಹೋದರೆ ಅವಳ ಕಾಯಿ ಇವತ್ತೂ ವಾಪಸ್ಸೇ, ಬಾಯಿ ಬಿಡು ನಾಗೇಶ, ನಗುವವರು ನಗಲಿ — ಲೇ ತಿಮ್ಮಪ್ಪ, ಲಾರಿ ನಿಲ್ಸ್ಲಾ, ನೀಲಗಂಗಕ್ಕ, ತಪ್ಪು ನಂದು ಕಣಕ್ಕ, ನಿನ್ ಕಾಯಿ ಚೆನ್ನಾಗವೆ, ಕಣ್ಕಟ್ಕಂಡು ಎಲ್ಲಾನೂ ಮತ್ತೆ ಬಡೀತೀನಿ — ತಲೆ ಎತ್ತುತ್ತಾಳೆ, ಬೈಯಬಾರದೇ, ಮಣ್ಣು ತೂರಬಾರದೇ, ಬ್ಯಾಡ ಬುಡಪ್ಪ, ನೀನು ಯೋಳಿದ್ದೇ ಸರಿ, ವರ್ಸದಿಂದ ನಂಗೂ ಅಂಗೇ ಕೇಳ್ತದೆ, ಯಾವ ಕಾಯಿ ಬಡುದ್ರೂ ಡಬ್ ಅಂತದೆ, ಅನ್ನುತ್ತಾಳೆ, ಅದೇ ಕಾಯನ್ನು ಕಿವಿಗೆ ಹಿಡಿದು, ಗೆಣ್ಣಿನಿಂದ, ಇನ್ನೊಮ್ಮೆ, ಟಣ್, ಇಲ್ಲಿಗೇ ಕೇಳಿತು, ಅವಳು ಇಲ್ಲವೆಂದು ತಲೆಯಾಡಿಸುತ್ತಾಳೆ, ಕಿವಿಗೆ ಹಿಡಿದು, ಗೆಣ್ಣಿನಿಂದ, ಮತ್ತೆ —