ಮೂರು ಮಕ್ಕಳ ತಂದೆ

ಹುತ್ರಿದುರ್ಗದ ತಪ್ಪಲಿನ ಶಾಲೆಯಲ್ಲಿ ಮಹಾಲಕ್ಷ್ಮಮ್ಮ ಎಂಟು ವರ್ಷದಿಂದ ಮೇಡಂ. ೧೯೮೧ರ ಬೇಸಿಗೆಯಲ್ಲಿ ತುಮಕೂರಿನ ಗೈಡ್ಸ್ ಶಿಬಿರಕ್ಕೆ ಹೋದವರು ಅಲ್ಲಿಂದ ಒಂದು ಹೊಸ ಆಟ ಕಲಿತು ಬಂದರು. ಬಯಲಿನಲ್ಲಿ ಅಲ್ಲಲ್ಲಿ ಡಬ್ಬಿ ಬಚ್ಚಿಡಬೇಕು. ಪ್ರತಿ ಡಬ್ಬಿಯಲ್ಲಿ ಒಂದು ಅಚ್ಚು, ಒಂದು ಪುಟ್ಟ ಪುಸ್ತಕ. ಮಕ್ಕಳು ಸುಳಿವಿನ ಚೀಟಿ ಹಿಡಿದು ಹುಡುಕಿ, ಆ ಅಚ್ಚನ್ನು ತಮ್ಮ ನೋಟ್‌ಬುಕ್ಕಿಗೆ ಒತ್ತಿಕೊಂಡು, ಡಬ್ಬಿಯ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಮಹಾಲಕ್ಷ್ಮಮ್ಮ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬ್ಲೇಡಿನಲ್ಲಿ ಕೊಯ್ದು ಆನೆ, ಒರಳು, ನವಿಲು, ಬಾವಿರಾಟೆ ಅಂತ ನಾಲ್ಕು ಅಚ್ಚು ಮಾಡಿದರು. ಒಂದು ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಹನ್ನೆರಡು ಹುಡುಗಿಯರನ್ನು ಬೆಟ್ಟಕ್ಕೆ ಕರೆದುಕೊಂಡು ಹೊರಟರು.

ಮೂರು ಡಬ್ಬಿ ಸಲೀಸಾಗಿ ಸಿಕ್ಕಿದವು. ನಾಲ್ಕನೆಯದು ಬೆಟ್ಟದ ಕೋಟೆಯ ಎರಡನೇ ಬಾಗಿಲಿನ ಆಚೆ, ಒರಗಿದ ಬಂಡೆಯ ಸಂದಿನಲ್ಲಿತ್ತು. ಏಳನೇ ಕ್ಲಾಸಿನ ಹೊಂಬಾಳಮ್ಮ ಹೆಗಲಿನವರೆಗೂ ಕೈ ತೂರಿಸಿ ಎಳೆದು ತಂದದ್ದು ಬೇರೆ ಡಬ್ಬಿ. ತುಕ್ಕು ಹಿಡಿದ ಹಾಲಿನ ಪುಡಿಯ ಡಬ್ಬಿ. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾಗದ. ಇದೂ ಆಟದ್ದೇ ಇರಬೇಕು ಅಂದುಕೊಂಡ ಹುಡುಗಿ ಜೋರಾಗಿ ಓದಿದಳು: ದ್ಯಾವಪ್ಪ, ವಯಸ್ಸು ಮೂವತ್ತನಾಲ್ಕು, ವಿವಾಹಿತ, ಮಕ್ಕಳು ಮೂರು. ಆಮೇಲೆ ತಲೆಯೆತ್ತಿ, "ಮಿಸ್, ಕೆಳಗೆ ನಿಮ್ಮ ಸೈನ್ ಐತೆ" ಅಂದಳು.

ಮಹಾಲಕ್ಷ್ಮಮ್ಮ ಕಾಗದ ಇಸಿದುಕೊಂಡರು. ಯಾವುದೋ ಹಳೇ ಕಾಗದ ಅಂತ ಹೇಳಿ ಹುಡುಗಿಯರನ್ನು ಬಂಡೆಯ ಆ ಮಗ್ಗುಲಿಗೆ ಕಳಿಸಿದರು.

ಅದು ಸಂತಾನಹರಣ ಆಪರೇಷನ್ ಆದದ್ದಕ್ಕೆ ಎಪ್ಪತ್ತಾರನೇ ಇಸವಿಯಲ್ಲಿ ಕೊಟ್ಟ ಪತ್ರ. ಎಮರ್ಜೆನ್ಸಿಯ ಕಾಲ. ಒಬ್ಬೊಬ್ಬ ಮೇಷ್ಟ್ರೂ ಎರಡೆರಡು ಕೇಸು ತರಬೇಕು, ಇಲ್ಲದಿದ್ದರೆ ಸಂಬಳ ಇಲ್ಲ ಅಂತ ಮೇಲಿನಿಂದ ಬಂದಿತ್ತು. ಮಹಾಲಕ್ಷ್ಮಮ್ಮನಿಗೆ ಎರಡು ತಿಂಗಳಿಂದ ಸಂಬಳವಿರಲಿಲ್ಲ. ಒಂದು ಕೇಸು ಹೇಗೋ ಆಗಿತ್ತು. ಎರಡನೆಯದಕ್ಕೆ ಸಿಕ್ಕಿದವನು ದ್ಯಾವಪ್ಪ. ತಂದೆತಾಯಿ ಇಲ್ಲದೆ ಚಿಕ್ಕಮ್ಮ ಗಿರಿಯಮ್ಮನ ಮನೆಯಲ್ಲಿ ಬೆಳೆದು ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ ಇಪ್ಪತ್ತೆರಡರ ಹುಡುಗ. ಮದುವೆಯಾಗಿರಲಿಲ್ಲ. ಆಪರೇಷನ್ ಶಿಬಿರದಲ್ಲಿ ಕೊಡುತ್ತಿದ್ದ ರೇಡಿಯೋ ಮೇಲೆ ಅವನಿಗೆ ಆಸೆ. ಕಟ್ಟಿದ್ದನ್ನು ಬೇಕಾದಾಗ ಬಿಚ್ಚಿಸಿಕೊಳ್ಳಬಹುದು ಕಣಪ್ಪ ಅಂತ ಮಹಾಲಕ್ಷ್ಮಮ್ಮನೇ ಹೇಳಿದ್ದರು. ಫಾರಮ್ಮು ತುಂಬಿದವರೂ, ಪತ್ರದ ಕೆಳಗೆ ಕೇಸು ತಂದವರು ಅಂತ ಸೈನ್ ಹಾಕಿದವರೂ ಅವರೇ. ವಯಸ್ಸಿಗೆ ಹನ್ನೆರಡು ಸೇರಿಸಿದರು, ಇಲ್ಲದ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಬರೆದರು.

ಎರಡು ವರ್ಷದ ಮೇಲೆ ದ್ಯಾವಪ್ಪ ಚಿಕ್ಕಗಂಗಮ್ಮನನ್ನು ಮದುವೆಯಾದಾಗ ಅವರು ಹೋಗಿ ಊಟ ಮಾಡಿಕೊಂಡು ಬಂದಿದ್ದರು. ಬಿಚ್ಚಿಸಿಕೊಂಡಿರುತ್ತಾನೆ ಅಂತ ತಮಗೆ ತಾವೇ ಹೇಳಿಕೊಂಡಿದ್ದರು. ಕೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಈಗ ಕಾಗದ ತಿರುವಿ ನೋಡಿದರೆ ಹಿಂಬದಿಯಲ್ಲಿ ಇನ್ನೊಂದು ಕೈಬರಹ, ೭೯ನೇ ಇಸವಿಯ ತಾರೀಕು. ಯಾರೋ ಡಾಕ್ಟರು ಒಂದೇ ಸಾಲು ಗೀಚಿದ್ದರು: ಮೂರು ಮಕ್ಕಳಿರುವುದರಿಂದ ನಾಳ ಮರುಜೋಡಣೆಯ ಅಗತ್ಯ ಕಾಣುವುದಿಲ್ಲ.

ಆ ಸಂಜೆ ಕುರಿಹಟ್ಟಿಯ ಹತ್ತಿರ ದ್ಯಾವಪ್ಪ ಸಿಕ್ಕಿದ. ಕಾಗದ ನೋಡುತ್ತಲೇ ಮುಖ ತಿರುಗಿಸಿದ. ಒಂದೇ ಕೋಣೆಯ ಮನೆ, ಹೆಂಡತಿ ಮೂಲೆಮೂಲೆ ಗುಡಿಸುತ್ತಾಳೆ, ಅದಕ್ಕೇ ಬೆಟ್ಟದಲ್ಲಿ ಇಟ್ಟಿದ್ದೆ ಅಂದ. ಬೆಂಗಳೂರಿಗೆ ಒಬ್ಬನೇ ಹೋಗಿದ್ದನ್ನು ಹೇಳಿದ. ಮಕ್ಕಳೇ ಇಲ್ಲ ಅಂದರೆ ಡಾಕ್ಟರು ಕಾಗದ ತೋರಿಸಿ ಗದರಿದ್ದರು.

"ನೀವೇನ್ ಬರ್ದಿದ್ರಿ ಅಂತ ನಂಗೆ ಅವತ್ತೇ ಗೊತ್ತಾಗಿದ್ದು ಮೇಡಮ್ಮೋರೆ," ಅಂದ. "ಓದಕ್ಕೆ ಬಂದಿದ್ರೆ ಹೆಬ್ಬೆಟ್ಟು ಯಾಕೆ ಒತ್ತುತಿದ್ದೆ?"

ಊರಿನಲ್ಲಿ ನಡೆಯುತ್ತಿದ್ದುದು ಮಹಾಲಕ್ಷ್ಮಮ್ಮನಿಗೆ ಗೊತ್ತಿತ್ತು. ಚಿಕ್ಕಗಂಗಮ್ಮನ ಕೊರಳಲ್ಲಿ ನಾಲ್ಕು ತಾಯಿತ. ಯಾರೋ ಅರೆದುಕೊಟ್ಟ ಬೇರು ಕುಡಿದು ಕಳೆದ ತಿಂಗಳು ಮೂರು ದಿನ ವಾಂತಿ. ಬಂಜೆಯನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಗಿರಿಯಮ್ಮ ಇನ್ನೊಂದು ಹೆಣ್ಣು ಗೊತ್ತು ಮಾಡಿದ್ದಳು. ಬೇರೆ ಯಾರೂ ಅಲ್ಲ, ಚಿಕ್ಕಗಂಗಮ್ಮನ ತಂಗಿಯನ್ನೇ. ನಾಡಿದ್ದು ಬಿಟ್ಟು ಮುಂದಿನ ಸೋಮವಾರ ವೀಳ್ಯದ ಶಾಸ್ತ್ರ.

ಹೆಂಡತಿಗೆ ಹೇಳು ಅಂತ ಅವರು ಅಂಗಲಾಚಿದರು. ಅವನು ತಲೆಯೆತ್ತಲಿಲ್ಲ. ಗಂಡಸಲ್ಲ ಅಂತಾರೆ, ಅದಕ್ಕಿಂತ ಬೆಟ್ಟದಿಂದ ಬೀಳೋದು ವಾಸಿ ಅಂದ. ಆ ಮಾತಿಗೆ ಹೆದರಿ ಅವರು ಎರಡು ದಿನ ಸುಮ್ಮನಿದ್ದರು. ಹೇಳಿದರೆ ಒಂದು ಜೀವ ಹೋದೀತು, ಹೇಳದಿದ್ದರೆ ಎರಡು ಹೆಣ್ಣುಮಕ್ಕಳ ಬಾಳು ಹಾಳು. ಮಂಗಳವಾರ ಮತ್ತೆ ಹಟ್ಟಿಗೆ ಹೋಗಿ, ನೀನು ಬಾಯಿ ಬಿಡುವುದು ಬೇಡ, ಪಕ್ಕದಲ್ಲಿ ನಿಂತುಕೋ, ತಪ್ಪು ನನ್ನದು, ನಾನೇ ಹೇಳುತ್ತೇನೆ ಅಂದರು. ದ್ಯಾವಪ್ಪ ಕೋಲಿನಿಂದ ನೆಲ ಕೆದಕುತ್ತಾ ಕೂತಿದ್ದ. ಕೊನೆಗೆ ಎದ್ದು ಅವರ ಹಿಂದೆ ನಡೆದ.

ಚಿಕ್ಕಗಂಗಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಕೇಳುತ್ತಾ ಕೇಳುತ್ತಾ ಮೊರ ಕೆಳಗಿಟ್ಟಳು. ಕಾಗದವನ್ನು ಇನ್ನೊಂದು ಸಲ ಓದಿಸಿದಳು. ಅವಳು ಅಳಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ.

"ನಮ್ ಮದ್ವೇಲಿ ಉಂಡ್ರಲ್ಲ, ಅವತ್ತು ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು ಕಣಮ್ಮ."

"ನಾನು ಬೇರು ಕುಡ್ದು ಬಿದ್ದಿದ್ದಾಗ ನೋಡಕ್ಕೆ ಬಂದಿದ್ರಿ. ಅವತ್ತು?"

ಅವತ್ತು ಮಹಾಲಕ್ಷ್ಮಮ್ಮ ಅವಳಿಗೆ ಎರಡು ಕಿತ್ತಳೆ ಹಣ್ಣು ಕೊಟ್ಟು, ದೇವರಿದ್ದಾನೆ ಅಂತ ಹೇಳಿ ಬಂದಿದ್ದರು.

ಸೋಮವಾರ ವೀಳ್ಯ ನಡೆಯಲಿಲ್ಲ. ಚಿಕ್ಕಗಂಗಮ್ಮ ತವರಿಗೆ ಹೋಗಿ ತಂಗಿಯನ್ನು ಕೊಡಕೂಡದು ಅಂತ ಅಪ್ಪನಿಗೆ ಹೇಳಿದಳು. ಕಾರಣ ಕೇಳಿದವರಿಗೆಲ್ಲ ಸರ್ಕಾರದವರು ಮಾಡಿದ್ದು ಅಂದಳೇ ಹೊರತು ಗಂಡನನ್ನು ದೂರಲಿಲ್ಲ. ತಿಂಗಳು ಕಳೆದ ಮೇಲೆ ವಾಪಸು ಬಂದಳು. ಗಿರಿಯಮ್ಮ ಮಾತ್ರ ವರ್ಷವಾದರೂ ನಂಬಲಿಲ್ಲ, ಮೇಡಮ್ಮು ಹೆಣೆದ ಕತೆ ಅನ್ನುತ್ತಿದ್ದಳು.

ಮಹಾಲಕ್ಷ್ಮಮ್ಮ ಫಾರಮ್ಮಿನಲ್ಲಿ ಬರೆದದ್ದೆಲ್ಲ ಸುಳ್ಳು ಅಂತ ಬರೆದುಕೊಟ್ಟು, ಇಬ್ಬರನ್ನೂ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಐದು ವರ್ಷ ಆಗಿದೆ, ಪ್ರಯತ್ನ ಮಾಡೋಣ ಅಂದರು ಡಾಕ್ಟರು. ಆಪರೇಷನ್ ಆಯಿತು. ಮಕ್ಕಳಾಗಲಿಲ್ಲ. ಅದೇ ತಪ್ಪೊಪ್ಪಿಗೆಯ ಇನ್ನೊಂದು ಪ್ರತಿಯನ್ನು ಅವರು ಮೇಲಿನವರಿಗೂ ಕಳಿಸಿದ್ದರು. ಕೆಲಸ ಹೋಗಬಹುದು ಅಂದುಕೊಂಡಿದ್ದರು. ಅದಕ್ಕೆ ಉತ್ತರವೇ ಬರಲಿಲ್ಲ. ಎಂಬತ್ತಮೂರರಲ್ಲಿ ಎಲ್ಲರಿಗೂ ಆಗುವ ಹಾಗೆ ಗುಬ್ಬಿಗೆ ವರ್ಗವಾಯಿತು.

ಹೊರಡುವ ದಿನ ಹೇಳಿ ಹೋಗೋಣ ಅಂತ ಆ ಮನೆಗೆ ಹೋದರು. ದ್ಯಾವಪ್ಪ ಎದ್ದು ಚಾಪೆ ಹಾಸಿದ. ಚಿಕ್ಕಗಂಗಮ್ಮ ಒಳಗಿನಿಂದ ನೀರು ತಂದುಕೊಟ್ಟಳು, ಕುಡಿಯುವವರೆಗೆ ಎದುರಿಗೇ ನಿಂತಿದ್ದಳು.

"ಹೇಳಿದ್ದು ಒಳ್ಳೇದಾಯ್ತು," ಅಂದಳು. "ಆದ್ರೆ ನೀವು ಇನ್ನೊಂದ್ ಸಲ ಬರ್ಬೇಡಿ ಮೇಡಮ್ಮೋರೆ. ನಿಮ್ಮ ನೋಡಿದ್ರೆ ನಂಗೆ ಆ ಮೂರು ಮಕ್ಳು ನೆನಪಾಯ್ತವೆ."

ಖಾಲಿ ಲೋಟ ಇಸಿದುಕೊಂಡು ಒಳಗೆ ಹೋದಳು. ಮಹಾಲಕ್ಷ್ಮಮ್ಮ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ರಸ್ತೆಗೆ ಇಳಿದರು.