ಮೂರು ಬಡಿತ

ಬಾಹ್ಯಾಕಾಶ ಬಂಡಾಯದ ಹಿರಿಯ ದಳಪತಿ ಆಂಜಿನಪ್ಪ ಮಟಮಟ ಮಧ್ಯಾಹ್ನ ತನ್ನ ಯುದ್ಧವಿಮಾನದೊಳಗೆ ಸಿಕ್ಕಿಹಾಕಿಕೊಂಡಿದ್ದ. ವಿಮಾನ ಪ್ಲೈವುಡ್ಡಿನದು, ಉರಿಗಾಂ ಹತ್ತಿರ, ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಸಿನಿಮಾದವರು ತಂದು ನಿಲ್ಲಿಸಿದ್ದು. ಗಣಿ ಮುಚ್ಚುವವರೆಗೂ ನೆಲದಡಿ ದುಡಿದವನ ಮುಖ ನೋಡಿಯೇ ಅವನಿಗೆ ಈ ಪಾತ್ರ ಕೊಟ್ಟಿದ್ದರು. ಶತ್ರುಗಳು ಹೊಡೆದುರುಳಿಸಿದ ಮೇಲೆ ಅವನು ಮುಚ್ಚಳ ತಳ್ಳಿ ಹೊರಗೆ ಬರಬೇಕಿತ್ತು. ಹಾಳು ಮುಚ್ಚಳ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ತೆಗೀರಲೇ! ಉಸಿರು ಕಟ್ತಾ ಐತೆ!" ಎಂದು ಅರಚಿದ.

"ಸೂಪರ್ ತಾತ! ಹಂಗೇ ಮುಂದುವರಿಸಿ!" ಎಂದರು ಹೊರಗಿನಿಂದ ನಿರ್ದೇಶಕರು.

ಇವರ ಮನೆ ಹಾಳಾಗ ಎಂದು ಬೈದುಕೊಂಡು, ಹೆಲ್ಮೆಟ್ ಕಳಚಿ ಅದರಿಂದಲೇ ಹಲಗೆಗೆ ಮೂರು ಸಲ ಬಡಿದ. ತಡೆದು ಮತ್ತೆ ಮೂರು ಸಲ ಬಡಿದ. ಗಣಿಯಲ್ಲಿ ಬಂಡೆ ಕುಸಿದಾಗ ಒಳಗೆ ಸಿಕ್ಕಿದವರು ಪೈಪಿಗೆ ಹೀಗೆಯೇ ಬಡಿಯುತ್ತಿದ್ದರು. ಬಡಿತ ಕೇಳುತ್ತಿರುವ ತನಕ ಹೊರಗಿನವರು ಅಗೆಯುತ್ತಿದ್ದರು. ಬಡಿತ ನಿಂತರೆ ಸತ್ತನೆಂದು ಅವನ ಹೆಂಡತಿಗೆ ಹೇಳಿಕಳಿಸುತ್ತಿದ್ದರು. ಅದಕ್ಕೇ ಅವನಿಗೆ ನಿಲ್ಲಿಸಲು ಕೈ ಬರಲಿಲ್ಲ. ಅವನು ಬಡಿದಷ್ಟೂ ಹೊರಗೆ ಕ್ಯಾಮೆರಾ ಓಡುತ್ತಲೇ ಇತ್ತು.

ಆಗ ಹೊರಗಿನಿಂದ ಹಲಗೆಯ ಮೇಲೆ ಮೂರು ಬಡಿತ ಬಂತು.

"ಕಟ್! ಸತ್ತು ಬಿದ್ದಿದ್ದ ಶತ್ರು ಯಾಕ್ರೀ ಎದ್ದುಬಂದ?" ಎಂದು ನಿರ್ದೇಶಕರು ಕೂಗಾಡಿದರು.

ಸತ್ತವನ ವೇಷ ಹಾಕಿದ್ದವನು ಸೆಲ್ವರಾಜ್, ಗಣಿಯಲ್ಲಿ ಆಂಜಿನಪ್ಪನ ಜೊತೆ ಇಳಿಯುತ್ತಿದ್ದವನು. ನಿರ್ದೇಶಕರ ಮಾತು ಅವನ ಕಿವಿಗೇ ಬಿದ್ದಂತಿರಲಿಲ್ಲ. ಹಲಗೆಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಾ ಹೇಳಿದ:

"ಬಡೀತಾನೇ ಇರು ಅಣ್ಣೇ, ನಿಲ್ಲಿಸ್ಬ್ಯಾಡ. ನಾನಿದ್ದೀನಿ."