ಬಿಚ್ಚಿಸಿದ ಬೆಲ್ಟು

"ಮುಂದೆ ನೀವು ಹಿಡೀರಿ ಸಾರ್," ಎಂದು ಮುತ್ತಮ್ಮ ಶಶಿಕುಮಾರನನ್ನು ಗಂಡನ ಚಟ್ಟದ ಮುಂಭಾಗಕ್ಕೆ ಕರೆತಂದಳು. "ಅವತ್ತು ಇವರ ಕೈಯಿಂದ ಪೈಪು ಒಡೆದಾಗ ಪೊಲೀಸ್ ಕೇಸಾಗದ ಹಾಗೆ ನೋಡ್ಕೊಂಡಿದ್ದು ನೀವಂತೆ. ಸಾಯೋ ತನಕ ನೆನೀತಿದ್ರು."

ಶಶಿಕುಮಾರ್ ಯಾವ ಕೇಸನ್ನೂ ತಪ್ಪಿಸಿರಲಿಲ್ಲ. ಸಣ್ಣಸ್ವಾಮಿ ಹೆಂಡತಿಗೆ ಹಾಗೆ ಯಾಕೆ ಹೇಳಿದನೋ! ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಹೆಗಲು ಕೊಟ್ಟ. ತಮಟೆ ಶುರುವಾಯಿತು.

* * *

ಆರು ವರ್ಷದ ಹಿಂದೆ, ಕುಶಾಲನಗರದ ಹತ್ತಿರದ ಇದೇ ಬೀದಿಯಲ್ಲಿ ಚರಂಡಿಗೆ ಅಗೆಯುವಾಗ ಕುಡಿಯುವ ನೀರಿನ ಹಳೆಯ ಸಿಮೆಂಟ್ ಪೈಪು ಅಡ್ಡ ಸಿಕ್ಕಿತ್ತು. ಕೆಳಗಿನ ಮಣ್ಣು ತೆಗೆದರೆ ಪೈಪು ಗಾಳಿಯಲ್ಲಿ ನಿಲ್ಲಬೇಕು. ಅದನ್ನು ತೂಗುಹಾಕುವುದರಲ್ಲಿ ಸಣ್ಣಸ್ವಾಮಿಯದು ಎತ್ತಿದ ಕೈ. ಗುಂಡಿಯ ಮೇಲೆ ಕಬ್ಬಿಣದ ತೊಲೆ ಅಡ್ಡವಿಟ್ಟು, ಪ್ರತಿ ಜಾಯಿಂಟಿನ ಎರಡೂ ಪಕ್ಕ ಬೆಲ್ಟು ಬಿಗಿದು, ಉಜ್ಜದಿರಲೆಂದು ಗೋಣಿತಾಟು ಸಿಕ್ಕಿಸಿ, ಮಗುವಿಗೆ ತೊಟ್ಟಿಲು ಕಟ್ಟುವವನ ಹಾಗೆ ಕಟ್ಟುತ್ತಿದ್ದ.

ಜೆಸಿಬಿಗೆ ಅಡ್ಡವಾಗುತ್ತದೆಂದು ಸೂಪರ್‌ವೈಸರ್ ಶಶಿಕುಮಾರ್ ಒಂದು ಬೆಲ್ಟು ಬಿಚ್ಚಲು ಹೇಳಿದ.

"ಬ್ಯಾಡ ಸಾರ್, ಜಾಯಿಂಟು ಬಿಟ್ಕೊಳ್ತದೆ."

"ಹತ್ತೇ ನಿಮಿಷ ಮಾರಾಯ, ಬಿಚ್ಚು."

ಐದು ನಿಮಿಷಕ್ಕೇ ಜಾಯಿಂಟು ಬಿಟ್ಟುಕೊಂಡು ಪೈಪು ಒಡೆಯಿತು. ಇಂಜಿನಿಯರ್ ಬಂದು ಕೂಗಾಡಿದಾಗ ಶಶಿಕುಮಾರ್, "ಸಣ್ಣಸ್ವಾಮಿ ಕಟ್ಟಿದ್ದು ಸಾರ್" ಎಂದುಬಿಟ್ಟ. ಸಣ್ಣಸ್ವಾಮಿ ಅಲ್ಲಗಳೆಯಲಿಲ್ಲ. "ನಿಮ್ದು ಹೊಸ ಕೆಲಸ" ಎಂದನಷ್ಟೆ, ಆಮೇಲೆ, ಇಬ್ಬರೇ ಇದ್ದಾಗ. ಅವನ ಕೆಲಸ ಹೋಯಿತು. ಬೀದಿಗೆ ಎಂಟು ದಿನ ನೀರಿಲ್ಲ. ಆ ಎಂಟೂ ದಿನ ಅವನು ದೂರದ ಬಾವಿಯಿಂದ ಮನೆಮನೆಗೆ ಕೊಡ ಹೊತ್ತ. ಜನ ಬೈಯುತ್ತಲೇ ನೀರು ಇಳಿಸಿಕೊಂಡರು.

* * *

ಬೀದಿಯ ಕೊನೆಯಲ್ಲಿ ಚಟ್ಟ ಇಳಿಸಿದರು. ಹೆಂಗಸರು ಇಲ್ಲಿಂದ ಹಿಂದಿರುಗಬೇಕು. ಹೆಗಲು ಬದಲಿಸಲು ಬಂದ ಪಕ್ಕದ ಮನೆಯ ಚಂದ್ರು, "ಪಾಪದ ಮನುಷ್ಯ. ಆದ್ರೂ ಪೈಪು ಒಡೆದ ಸಣ್ಣಸ್ವಾಮಿ ಅಂತ್ಲೇ ಹೆಸರು ಉಳೀತು ನೋಡಿ," ಎಂದ. ಮುತ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶಶಿಕುಮಾರನಿಗೆ ತಡೆಯಲಾಗಲಿಲ್ಲ. ಅವಳ ಹತ್ತಿರ ಹೋಗಿ ಪಿಸುಗುಟ್ಟಿದ: "ಅಕ್ಕಾ, ಅವರದ್ದೇನೂ ತಪ್ಪಿಲ್ಲ. ಬೆಲ್ಟು ಬಿಚ್ಚಿಸಿದ್ದು ನಾನು. ಅವರ ತಲೆಗೆ ಕಟ್ಬಿಟ್ಟೆ."

ಮುತ್ತಮ್ಮ ಅವನನ್ನೇ ನೋಡಿದಳು. "ನಂಗೂ ಹೇಳ್ಲಿಲ್ವಲ್ಲ ಇವರು." ಆಮೇಲೆ ತಮಟೆಯವರತ್ತ ಕೈ ಎತ್ತಿದಳು. ತಮಟೆ ನಿಂತಿತು.

"ನನ್ನ ಕಿವೀಲಿ ಹೇಳಿದ್ರೆ ಏನು ಬಂತು ಸಾರ್? ಅವತ್ತು ಬೈದೋರೆಲ್ಲ ಇಲ್ಲೇ ಇದಾರೆ. ಎಲ್ರಿಗೂ ಕೇಳೋ ಹಂಗೆ ಹೇಳಿ."

ಇಡೀ ಬೀದಿ ಇತ್ತ ತಿರುಗಿತು. ಚಟ್ಟ ನೆಲದ ಮೇಲೆಯೇ ಇತ್ತು. ಹೊರುವವರೆಲ್ಲ ಕೈಕಟ್ಟಿಕೊಂಡು ಶಶಿಕುಮಾರನ ಮಾತಿಗಾಗಿ ಕಾಯುತ್ತಿದ್ದರು.